ವಚನಕ್ಕೆ ವರ್ಷ ಯಾವುದು, ಶಾಸನಕ್ಕೆ ಲೇಖಕ ಯಾರು?

ಪ್ರಶ್ನೆ: ನಾನು ಕನ್ನಡದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ವಚನಗಳಲ್ಲಿ ಬರುವ ಕಾಯಕದ ಕಲ್ಪನೆಯನ್ನೂ ಹೊಯ್ಸಳರ ಕಾಲದ ಶಾಸನಗಳಲ್ಲಿ ಸಿಗುವ ಕಸುಬುದಾರರ ಪ್ರಸ್ತಾಪಗಳನ್ನೂ ಜೊತೆಗಿಟ್ಟು ಒಂದು ಲೇಖನ ಬರೆದು ಇಂಗ್ಲಿಷ್ ಸಂಶೋಧನಾ ಪತ್ರಿಕೆಗೆ ಕಳಿಸಿದ್ದೆ. ‘ಉಲ್ಲೇಖಗಳು ಎಪಿಎ ಏಳನೆಯ ಆವೃತ್ತಿಯಂತೆ ಇಲ್ಲ’ ಎಂಬ ಒಂದೇ ಸಾಲಿನೊಂದಿಗೆ ಅದು ಹಿಂದಕ್ಕೆ ಬಂತು. ನನ್ನ ಮಾರ್ಗದರ್ಶಕರು ಕಲಿಸಿದ್ದು ಅಡಿಟಿಪ್ಪಣಿ ಪದ್ಧತಿ. ವಚನಕ್ಕೆ ಯಾವ ವರ್ಷ ಹಾಕಲಿ? ಶಾಸನಕ್ಕೆ ಲೇಖಕ ಎಂದು ಯಾರನ್ನು ಬರೆಯಲಿ? ನಮ್ಮ ಹೆಸರುಗಳಲ್ಲಿ ‘ಸರ್‌ನೇಮ್’ ಯಾವುದು? ಹಳ್ಳಿಯ ಹಾಡುಗಾರ್ತಿಯೊಬ್ಬರಿಂದ ಕೇಳಿ ಬರೆದುಕೊಂಡ ಪದಗಳನ್ನು ಎಲ್ಲಿ ಸೇರಿಸಲಿ? ಉಲ್ಲೇಖಗಳನ್ನು ಜೋಡಿಸಿಕೊಡುವ ಝೊಟೆರೊ ತಂತ್ರಾಂಶ ಬಳಸಿ ನೋಡಿದೆ, ಗೊಂದಲ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.
– ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಹಿಂದಕ್ಕೆ ಬಂದದ್ದಕ್ಕೆ ಕುಗ್ಗಬೇಡಿ. ಅದು ತಿರಸ್ಕಾರವಲ್ಲ. ನಿಮ್ಮ ವಾದವನ್ನು ಅಲ್ಲಿ ಇನ್ನೂ ಯಾರೂ ಓದಿಯೇ ಇಲ್ಲ. ವಿದ್ವಾಂಸರ ಪರಿಶೀಲನೆಗೆ ಕಳಿಸುವ ಮೊದಲು ಪತ್ರಿಕೆಯ ಕಚೇರಿಯಲ್ಲಿ ಪದಸಂಖ್ಯೆ, ಸಾರಲೇಖ, ಉಲ್ಲೇಖಗಳ ಕ್ರಮ ಇವಿಷ್ಟನ್ನು ನೋಡುತ್ತಾರೆ. ಅಲ್ಲಿ ನಿಂತುಹೋಗಿದೆ, ಅಷ್ಟೆ. ಮಾನವಿಕ ವಿಷಯಗಳ ಪತ್ರಿಕೆಯೊಂದರ ಸಂಪಾದಕ ಮಂಡಳಿಯಲ್ಲಿ ಹಲವು ವರ್ಷ ಕೆಲಸ ಮಾಡಿದವನಾಗಿ ಹೇಳುತ್ತೇನೆ: ಕನ್ನಡ ವಿಭಾಗಗಳಿಂದ ಬರುವ ಒಳ್ಳೊಳ್ಳೆಯ ಲೇಖನಗಳು ಎಡವುವುದು ಈ ಹೊಸ್ತಿಲಲ್ಲೇ.

ಎಡವುವುದಕ್ಕೆ ಕಾರಣ ನಿಮ್ಮ ಅಜಾಗರೂಕತೆಯೊಂದೇ ಅಲ್ಲ. ಹೆಸರು ಮತ್ತು ವರ್ಷವನ್ನು ಆವರಣದೊಳಗಿಡುವ ಪದ್ಧತಿ ಸಾಹಿತ್ಯದವರ ಮನೆಯಲ್ಲಿ ಹುಟ್ಟಿದ್ದಲ್ಲ. ಹಾರ್ವರ್ಡ್‌ನ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಲಾರೆನ್ಸ್ ಮಾರ್ಕ್ 1881ರಲ್ಲಿ ಚಿಪ್ಪಿಲ್ಲದ ಬಸವನಹುಳುವಿನ ತತ್ತಿಯ ಬೆಳವಣಿಗೆಯ ಬಗ್ಗೆ ಬರೆದ ಪ್ರಬಂಧವನ್ನು ಈ ಕ್ರಮದ ಮೂಲವೆಂದು ಸಾಮಾನ್ಯವಾಗಿ ತೋರಿಸುತ್ತಾರೆ. ಎಪಿಎ ಎಂಬುದು ಅಮೆರಿಕದ ಮನೋವಿಜ್ಞಾನಿಗಳ ಸಂಘದ ಹೆಸರು. ಲೇಖನ ಬರೆಯುವವರಿಗೆ ಅದು ಕೊಡುವ ನಿಯಮಾವಳಿ 1929ರಲ್ಲಿ ಏಳು ಪುಟಗಳ ಸೂಚನೆಯಾಗಿ ಶುರುವಾದದ್ದು ಬೆಳೆದು ದಪ್ಪ ಕೈಪಿಡಿಯಾಗಿದೆ, ಅದರ ಏಳನೆಯ ಆವೃತ್ತಿ 2019ರಲ್ಲಿ ಬಂತು. ಪ್ರಯೋಗಾಲಯದವರಿಗೆ ‘ಇದು ಎಷ್ಟು ಹೊಸತು’ ಎಂಬುದು ಮೊದಲ ಪ್ರಶ್ನೆ. ಅದಕ್ಕೇ ಹೆಸರಿನ ಪಕ್ಕದಲ್ಲಿ ವರ್ಷ ಕೂತಿದೆ. ನಮ್ಮ ಮೊದಲ ಪ್ರಶ್ನೆ ಬೇರೆ: ಯಾರ ಸಂಪಾದನೆ, ಯಾವ ಪಾಠ, ಎಷ್ಟನೆಯ ಪದ್ಯ? ಹೀಗಾಗಿ ಹನ್ನೆರಡನೆಯ ಶತಮಾನದ ಮಾತನ್ನು ಈ ಅಚ್ಚಿಗೆ ಹಾಕುವಾಗ ಅಲ್ಲಲ್ಲಿ ಒತ್ತುತ್ತದೆ. ಒತ್ತಿದಾಗ ಏನನ್ನು ಬಿಡಬಹುದು, ಏನನ್ನು ಬಿಡಲೇಬಾರದು ಎಂಬುದು ನಿಮಗೆ ತಿಳಿದಿರಬೇಕು. ಬಿಡಲೇಬಾರದ್ದು ಒಂದೇ: ನೀವು ನೋಡಿದ ಆ ಸಾಲಿಗೆ ಓದುಗ ತಾನಾಗಿಯೇ ನಡೆದುಹೋಗುವ ದಾರಿ. ಅಲ್ಪವಿರಾಮ, ಆವರಣ, ಓರೆ ಅಕ್ಷರಗಳೆಲ್ಲ ಆ ದಾರಿಯ ಸಾಲುಮರಗಳು.

ವಚನದಿಂದಲೇ ಶುರುಮಾಡೋಣ. ನಿಮ್ಮ ವಿಷಯ ಕಾಯಕವಾದ್ದರಿಂದ ‘ಕಾಯಕವೇ ಕೈಲಾಸ’ ಎಂಬ ಮಾತು ಲೇಖನದಲ್ಲಿ ಬಂದೇ ಬಂದಿರುತ್ತದೆ. ಭಾಷಣಗಳಲ್ಲಿ, ಗೋಡೆಬರಹಗಳಲ್ಲಿ, ಎಷ್ಟೋ ಲೇಖನಗಳಲ್ಲಿ ಅದರ ಕೆಳಗೆ ಬಸವಣ್ಣನವರ ಹೆಸರಿರುತ್ತದೆ. ಆ ಮಾತು ಬರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ, ಅಂಕಿತ ‘ಅಮರೇಶ್ವರಲಿಂಗ’. ಬರೆಯುವಾಗ ಒಮ್ಮೆ ಸಂಪುಟ ತೆಗೆದು ವಚನದ ಸಂಖ್ಯೆ ಹುಡುಕಿದವರಿಗೆ ಈ ತಪ್ಪು ಆಗುವುದಿಲ್ಲ. ನೆನಪಿನಿಂದ ಬರೆದವರಿಗೆ ಆಗುತ್ತದೆ. ಸರಿಯಾದ ಉಲ್ಲೇಖ ಕೊಡುವ ಶ್ರಮ ಪತ್ರಿಕೆಯವರ ಹಟಕ್ಕಾಗಿ ಅಲ್ಲ, ಆಯ್ದಕ್ಕಿ ಮಾರಯ್ಯನಂಥ ಅಕ್ಕಿ ಆಯುವ ಶರಣನ ಮಾತು ಅವನಿಗೇ ಸಲ್ಲಲಿ ಎಂಬುದಕ್ಕಾಗಿ.

ವಚನಕ್ಕೆ ಪುಟಸಂಖ್ಯೆ ಕೊಟ್ಟರೆ ಸಾಲದು, ವಚನದ ಸಂಖ್ಯೆ ಕೊಡಿ. ಮುದ್ರಣ ಬದಲಾದಂತೆ ಪುಟ ಬದಲಾಗುತ್ತದೆ. ಸಂಖ್ಯೆಯೂ ಎಲ್ಲ ಸಂಪಾದನೆಗಳಲ್ಲಿ ಒಂದೇ ಅಲ್ಲವಾದ್ದರಿಂದ ಸಂಪಾದನೆ ಯಾವುದೆಂದು ಹೇಳಲೇಬೇಕು. ಫ. ಗು. ಹಳಕಟ್ಟಿಯವರು 1923ರಲ್ಲಿ ಹೊರತಂದ ವಚನಶಾಸ್ತ್ರಸಾರದ ಜೋಡಣೆ ಬೇರೆ, ಕರ್ನಾಟಕ ಸರ್ಕಾರ ಪ್ರಕಟಿಸಿದ 15 ಸಂಪುಟಗಳ ಸಮಗ್ರ ವಚನ ಸಂಪುಟದ ಜೋಡಣೆ ಬೇರೆ. ಇಡೀ ಲೇಖನಕ್ಕೆ ಒಂದೇ ಸಂಪಾದನೆಯನ್ನು ಆಧಾರವಾಗಿ ಇಟ್ಟುಕೊಳ್ಳಿ, ಅದನ್ನು ಮೊದಲ ಉಲ್ಲೇಖದಲ್ಲೇ ಹೇಳಿಬಿಡಿ. ಪಾಠಾಂತರವೇ ನಿಮ್ಮ ವಾದದ ಭಾಗವಾಗಿದ್ದರೆ ಮಾತ್ರ ಎರಡನೆಯದನ್ನು ತನ್ನಿ.

ವರ್ಷದ ಪ್ರಶ್ನೆಗೆ ಎಪಿಎಯಲ್ಲೇ ಉತ್ತರವಿದೆ. ಪ್ರಾಚೀನ ಕೃತಿಗಳಿಗೆ ಮೂಲದ ಕಾಲವನ್ನೂ ಕೈಯಲ್ಲಿರುವ ಆವೃತ್ತಿಯ ವರ್ಷವನ್ನೂ ಒಂದು ಓರೆಗೆರೆಯ ಆಚೀಚೆ ಬರೆಯುತ್ತಾರೆ. ಪುಟದ ಬದಲು ಅಧ್ಯಾಯ, ಪದ್ಯಗಳ ಸಂಖ್ಯೆ ಕೊಡುವುದಕ್ಕೂ ಅಲ್ಲಿ ಒಪ್ಪಿಗೆ ಇದೆ. ಅದರಂತೆ ಲೇಖನದ ಒಳಗೆ (ಬಸವಣ್ಣ, ಸು. 12ನೆಯ ಶತಮಾನ/1993, ವಚನ ಸಂಖ್ಯೆ) ಎಂದಾಗುತ್ತದೆ. ‘ವಚನ ಸಂಖ್ಯೆ’ ಎಂದಿರುವ ಕಡೆ ನಿಮ್ಮ ವಚನದ ಅಂಕಿ ಬರಬೇಕು. ಕೊನೆಯ ಪಟ್ಟಿಯಲ್ಲಿ ಹೀಗಿರಲಿ:

ಬಸವಣ್ಣ. (1993). ಬಸವಣ್ಣನವರ ವಚನ ಸಂಪುಟ (ಎಂ. ಎಂ. ಕಲಬುರ್ಗಿ, ಸಂಪಾ.; ಸಮಗ್ರ ವಚನ ಸಂಪುಟ, ಸಂಪು. 1). ಕನ್ನಡ ಮತ್ತು ಸಂಸ್ಕೃತಿ ನಿರ್ದೇಶನಾಲಯ. (ಮೂಲ ರಚನೆ ಸು. 12ನೆಯ ಶತಮಾನ)

ಊರಿನ ಹೆಸರು ಇಲ್ಲ ಎಂಬುದನ್ನು ಗಮನಿಸಿ. ಪ್ರಕಾಶಕರ ಊರನ್ನು ಏಳನೆಯ ಆವೃತ್ತಿ ಕೈಬಿಟ್ಟಿದೆ. ಪಂಪ, ಕುಮಾರವ್ಯಾಸರಿಗೂ ಇದೇ ದಾರಿ: ಪಂಪನಿಗೆ ಆಶ್ವಾಸ ಮತ್ತು ಪದ್ಯ, ಕುಮಾರವ್ಯಾಸನಿಗೆ ಪರ್ವ, ಸಂಧಿ, ಪದ್ಯ.

ಇಲ್ಲೇ ಒಂದು ಮಾತು. ನಮ್ಮ ಲೇಖನಗಳಲ್ಲಿ ‘ಸಂ.’ ಎಂಬ ಒಂದೇ ಸಂಕ್ಷೇಪ ಸಂಪಾದಕನೂ ಆಗುತ್ತದೆ, ಸಂಪುಟವೂ ಆಗುತ್ತದೆ, ಸಂಚಿಕೆಯೂ ಆಗುತ್ತದೆ, ಸಂಖ್ಯೆಯೂ ಆಗುತ್ತದೆ. ‘ಸಂ. 3, ಸಂ. 2’ ಎಂದು ಬರೆದದ್ದನ್ನು ನಾನು ಕಂಡಿದ್ದೇನೆ. ಕನ್ನಡದಲ್ಲಿ ಬರೆಯುವಾಗ ಸಂಪಾ., ಸಂಪು., ಸಂಚಿ. ಎಂದು ಬೇರೆಬೇರೆ ಮಾಡಿ, ಸಂಖ್ಯೆಯನ್ನು ಪೂರ್ತಿ ಬರೆಯಿರಿ.

ಇನ್ನು ಶಾಸನ. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ನನ್ನ ಮೇಜಿಗೆ ಬಂದ ಕೆಟ್ಟ ತಪ್ಪುಗಳು ಇಲ್ಲಿಯವೇ. ಶಾಸನಕ್ಕೆ ಆಧುನಿಕ ಅರ್ಥದ ಲೇಖಕ ಇಲ್ಲ. ಬರೆಸಿದವನು ಒಬ್ಬ, ರಚಿಸಿದ ಕವಿ ಇನ್ನೊಬ್ಬ, ಕಲ್ಲಿನ ಮೇಲೆ ಬಿಡಿಸಿದ ರೂವಾರಿ ಮತ್ತೊಬ್ಬ. ಆದ್ದರಿಂದ ಶಾಸನವನ್ನು ಶಾಸನವಾಗಿಯೇ ಗುರುತಿಸಿ, ಪಟ್ಟಿಯಲ್ಲಿ ಅದನ್ನು ಅಚ್ಚುಮಾಡಿದ ಸಂಪುಟವನ್ನು ಸಂಪಾದಕರ ಹೆಸರಿನಡಿ ಕೊಡಿ. ನೀವು ನೋಡುತ್ತಿರುವುದು ಹೆಚ್ಚಾಗಿ ಎಪಿಗ್ರಾಫಿಯ ಕರ್ನಾಟಿಕ ಎಂಬ ಶಾಸನ ಸಂಪುಟಗಳ ಮಾಲೆ ಇರಬೇಕು. ಶಾಸನಕಾರರು ಅದನ್ನು ‘ಎ.ಕ.’ ಎಂದು ಚಿಕ್ಕದು ಮಾಡಿ ಸಂಪುಟ, ತಾಲ್ಲೂಕು, ಶಾಸನಸಂಖ್ಯೆ ಎಂಬ ಮೂರೇ ಅಂಶಗಳಲ್ಲಿ ಹೇಳಿಬಿಡುತ್ತಾರೆ: ಎ.ಕ. 5, ಬೇಲೂರು 58. ಇಷ್ಟು ಬಿಗಿಯಾದ, ಇಷ್ಟು ಚೆಂದದ ವಿಳಾಸ ಬೇರೆ ಕಡೆ ಅಪರೂಪ. ಆದರೆ ಅದರಲ್ಲೊಂದು ಹಳ್ಳವಿದೆ.

ಬಿ. ಎಲ್. ರೈಸ್ ಅವರು ಕೊಡಗಿನ ಶಾಸನಗಳಿಂದ 1886ರಲ್ಲಿ ಆರಂಭಿಸಿ ಹೊರತಂದ ಮೂಲ ಶ್ರೇಣಿ ಒಂದು. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ 1970ರ ದಶಕದಿಂದ ಹೊರತಂದ ಪರಿಷ್ಕೃತ ಶ್ರೇಣಿ ಇನ್ನೊಂದು. ಎರಡರಲ್ಲೂ ಐದನೆಯ ಸಂಪುಟವಿದೆ. ಹಳೆಯ ಐದು ಹಾಸನ ಜಿಲ್ಲೆ, ಪರಿಷ್ಕೃತ ಐದು ಮೈಸೂರು ಜಿಲ್ಲೆಯ ತಾಲ್ಲೂಕುಗಳು. ಎರಡನೆಯ ಸಂಪುಟ ಎರಡು ಕಡೆಯೂ ಶ್ರವಣಬೆಳಗೊಳವೇ. ಆದರೆ ರೈಸ್ ಅವರ 1889ರ ಆವೃತ್ತಿ, ಆರ್. ನರಸಿಂಹಾಚಾರ್ಯರ 1923ರ ಪರಿಷ್ಕರಣ, 1973ರ ಹೊಸ ಆವೃತ್ತಿ ಈ ಮೂರರಲ್ಲಿ ಶಾಸನಗಳ ಸಂಖ್ಯೆ ಬೇರೆಬೇರೆ. ‘ಎ.ಕ. 2, ಶ್ರವಣಬೆಳಗೊಳ ಇಂತಿಷ್ಟು’ ಎಂದಷ್ಟೇ ಬರೆದರೆ ಮೂವರು ಓದುಗರು ಮೂರು ಬಂಡೆಗಳ ಮುಂದೆ ಹೋಗಿ ನಿಲ್ಲುತ್ತಾರೆ. ಒಮ್ಮೆ ಒಂದು ಲೇಖನವನ್ನು ಪರಿಶೀಲಿಸುವಾಗ ಲೇಖಕರು ಕೊಟ್ಟ ಸಂಖ್ಯೆ ಹಿಡಿದು ಪರಿಷ್ಕೃತ ಸಂಪುಟ ತೆಗೆದರೆ ಅಲ್ಲಿದ್ದದ್ದು ಅವರ ವಾದಕ್ಕೆ ಸಂಬಂಧವೇ ಇಲ್ಲದ ಯಾತ್ರಿಕನ ಹೆಸರು. ಸಂಖ್ಯೆ ತಪ್ಪಾಗಿರಲಿಲ್ಲ, ಹಳೆಯ ಆವೃತ್ತಿಯದಾಗಿತ್ತು. ಅದನ್ನು ಅವರು ಇನ್ನೊಬ್ಬರ ಅಡಿಟಿಪ್ಪಣಿಯಿಂದ ಎತ್ತಿಕೊಂಡಿದ್ದರು.

ಹಾಗಾಗಿ ಆವೃತ್ತಿಯನ್ನು ಉಲ್ಲೇಖದೊಳಗೇ ಕಟ್ಟಿಹಾಕಿ: (ಎ.ಕ. 5, ಬೇಲೂರು 58, ರೈಸ್, 1902). ಪರಿಷ್ಕೃತ ಶ್ರೇಣಿಯಾದರೆ ‘ಎ.ಕ. (ಪ)’ ಎಂದು ಗುರುತು ಹಾಕಿ, ಮೊದಲ ಸಲ ಬಂದಾಗ ಅದೇನೆಂದು ಹೇಳಿ. ಪಟ್ಟಿಯಲ್ಲಿ:

ರೈಸ್, ಬಿ. ಎಲ್. (ಸಂಪಾ.). (1902). ಎಪಿಗ್ರಾಫಿಯ ಕರ್ನಾಟಿಕ (ಸಂಪು. 5: ಹಾಸನ ಜಿಲ್ಲೆಯ ಶಾಸನಗಳು). ಬಾಸೆಲ್ ಮಿಶನ್ ಪ್ರೆಸ್.

ಶಾಸನದ ಕಾಲ, ಸಿಕ್ಕ ಊರು, ಇವನ್ನು ಆವರಣದೊಳಗೆ ತುರುಕಬೇಡಿ, ವಾಕ್ಯದಲ್ಲೇ ಹೇಳಿ. ಶಕವರ್ಷವಿದ್ದರೆ ಅದನ್ನು ಹಾಗೆಯೇ ಉಳಿಸಿ ಪಕ್ಕದಲ್ಲಿ ಕ್ರಿಸ್ತಶಕ ಕೊಡಿ. 78 ಕೂಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ, ಶಕವರ್ಷದ ಕೊನೆಯ ತಿಂಗಳುಗಳಲ್ಲಾದರೆ 79 ಕೂಡಬೇಕಾಗುತ್ತದೆ. ಸಂವತ್ಸರದ ಹೆಸರು ಮಾತ್ರ ಇದ್ದರೆ ಅದು 60 ವರ್ಷಕ್ಕೊಮ್ಮೆ ತಿರುಗಿ ಬರುವಂಥದ್ದು. ಸಂಪಾದಕರು ಕೊಟ್ಟ ಕಾಲನಿರ್ಣಯವನ್ನು ಅವರ ಹೆಸರಿನಲ್ಲೇ ಹೇಳುವುದು ಪ್ರಾಮಾಣಿಕ.

ಹೆಸರುಗಳ ತೊಡಕು ನಮ್ಮೆಲ್ಲರದು. ಎಪಿಎ ‘ಮನೆತನದ ಹೆಸರು ಮೊದಲು, ಆಮೇಲೆ ಇನಿಶಿಯಲ್’ ಎನ್ನುತ್ತದೆ. ನಿಮ್ಮ ಧಾರವಾಡದ ಕಡೆ ಅಡ್ಡಹೆಸರು ಇದ್ದೇ ಇರುತ್ತದೆ. ಕಲಬುರ್ಗಿ, ಎಂ. ಎಂ.; ಬೇಂದ್ರೆ, ದ. ರಾ. ಎಂದರೆ ಮುಗಿಯಿತು. ಹಳೆ ಮೈಸೂರಿನ ಕಡೆ ಅಡ್ಡಹೆಸರೇ ಇಲ್ಲದವರು ಬಹಳ. ಅಲ್ಲಿ ಮುಂದಿನ ಅಕ್ಷರಗಳು ಊರಿನದು ಮತ್ತು ತಂದೆಯದು, ಕೊನೆಯಲ್ಲಿರುವುದು ಇಟ್ಟ ಹೆಸರು. ಎ. ಕೆ. ರಾಮಾನುಜನ್ ಎಂಬಲ್ಲಿ ರಾಮಾನುಜನ್ ಎಂಬುದೇ ಅವರ ಹೆಸರು. ಎಂ. ಎನ್. ಶ್ರೀನಿವಾಸ್ ಅವರದೂ ಹಾಗೆಯೇ, ‘ಎಂ’ ಎಂದರೆ ಮೈಸೂರು. ಪಟ್ಟಿಯಲ್ಲಿ ಇವರನ್ನೂ ರಾಮಾನುಜನ್, ಎ. ಕೆ.; ಶ್ರೀನಿವಾಸ್, ಎಂ. ಎನ್. ಎಂದೇ ಬರೆಯುವುದು ರೂಢಿ. ಅದರಿಂದ ಯಾವ ಅನರ್ಥವೂ ಇಲ್ಲ. ಅನರ್ಥ ಆಗುವುದು ಎರಡು ಪದವಾಗಿ ಒಡೆದು ಬರೆಯುವ ಹೆಸರುಗಳಲ್ಲಿ. ‘ಎಂ. ಚಿದಾನಂದ ಮೂರ್ತಿ’ ಎಂದು ಕಂಪ್ಯೂಟರಿಗೆ ಕೊಟ್ಟರೆ ಅದು ‘ಮೂರ್ತಿ, ಎಂ. ಸಿ.’ ಎಂದು ಹೊರಗೆ ಹಾಕುತ್ತದೆ. ಕನ್ನಡ ಸಂಶೋಧನೆಯ ದೊಡ್ಡ ಹೆಸರೊಂದು ಹಾಗೆ ಗುರುತೇ ಸಿಗದಂತಾಗುತ್ತದೆ. ಚಿದಾನಂದಮೂರ್ತಿ ಎಂಬುದು ಒಂದೇ ಹೆಸರು, ಕೂಡಿಸಿಯೇ ಇಡಿ.

ಕಾವ್ಯನಾಮಗಳನ್ನು ಪುಸ್ತಕದ ಮುಖಪುಟದಲ್ಲಿ ಇದ್ದಂತೆ ಬಿಡಿ. ಕುವೆಂಪು ಎಂದೇ ಬರೆಯಿರಿ. ಒಂದು ಕಡೆ ಕುವೆಂಪು, ಇನ್ನೊಂದು ಕಡೆ ಪುಟ್ಟಪ್ಪ, ಕೆ. ವಿ. ಎಂದು ಒಬ್ಬರನ್ನೇ ಇಬ್ಬರನ್ನಾಗಿ ಮಾಡಬೇಡಿ. ದೇವನೂರ ಮಹಾದೇವ ಎಂಬಲ್ಲಿ ದೇವನೂರು ಊರು, ಆದ್ದರಿಂದ ಮಹಾದೇವ, ದೇವನೂರ. ಡಾ., ಪ್ರೊ., ಶ್ರೀ ಯಾವುದೂ ಪಟ್ಟಿಯಲ್ಲಿ ಬೇಡ. ಗುರುಗಳ ಹೆಸರಿನ ಮುಂದಿನ ‘ಡಾ.’ ತೆಗೆಯುವುದಕ್ಕೆ ನಮ್ಮ ವಿದ್ಯಾರ್ಥಿಗಳು ಹಿಂಜರಿಯುತ್ತಾರೆ. ಅದು ಅಗೌರವವಲ್ಲ. ಅವರ ಮಾತನ್ನು ಸರಿಯಾಗಿ, ಪುಟಸಹಿತ ಉಲ್ಲೇಖಿಸುವುದಕ್ಕಿಂತ ದೊಡ್ಡ ಮರ್ಯಾದೆಯನ್ನು ಸಂಶೋಧನೆಯಲ್ಲಿ ನಾನಂತೂ ಕಂಡಿಲ್ಲ. ಹಾಗೆಯೇ ನಿಮ್ಮ ಹೆಸರನ್ನು ರೋಮನ್ ಅಕ್ಷರದಲ್ಲಿ ಹೇಗೆ ಬರೆಯುತ್ತೀರಿ ಎಂದು ಈ ಮೊದಲ ಲೇಖನದಲ್ಲೇ ತೀರ್ಮಾನಿಸಿ, ಮುಂದೆ ಬದಲಿಸಬೇಡಿ.

ಮರುಮುದ್ರಣದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಕರ್ನಾಟಕ ಕವಿಚರಿತೆಯ ಮೊದಲ ಸಂಪುಟ ಬಂದದ್ದು 1907ರಲ್ಲಿ. ಅದರ ಕರ್ತೃ ಆರ್. ನರಸಿಂಹಾಚಾರ್ಯರು ತೀರಿಕೊಂಡದ್ದು 1936ರಲ್ಲಿ. ಈಚಿನ ಮರುಮುದ್ರಣ ನೋಡಿ ಅದರ ವರ್ಷವನ್ನಷ್ಟೇ ಹಾಕಿದರೆ, ಹೊರಗಿನ ಓದುಗ ಅವರನ್ನು ನಿಮ್ಮ ಸಮಕಾಲೀನರೆಂದು ತಿಳಿಯುತ್ತಾನೆ. ‘ಅವರು ಇಂಥ ಶಾಸನವನ್ನು ಏಕೆ ಗಮನಿಸಲಿಲ್ಲ’ ಎಂದು ಕೇಳಲೂಬಹುದು. 1907, ಓರೆಗೆರೆ, ನಿಮ್ಮ ಕೈಯಲ್ಲಿರುವ ಮುದ್ರಣದ ವರ್ಷ: ಹೀಗೆ ಎರಡನ್ನೂ ಕೊಡಿ. ಪುಟಸಂಖ್ಯೆ ಮಾತ್ರ ಕೈಯಲ್ಲಿರುವ ಮುದ್ರಣದ್ದೇ ಆಗಬೇಕು.

ಕನ್ನಡ ಪುಸ್ತಕದ ಶೀರ್ಷಿಕೆಯನ್ನು ಇಂಗ್ಲಿಷ್ ಲೇಖನದಲ್ಲಿ ಹೇಗೆ ಕೊಡುವುದು? ಮೊದಲು ಕನ್ನಡದ ಉಚ್ಚಾರವನ್ನು ರೋಮನ್ ಲಿಪಿಯಲ್ಲಿ ಬರೆದು, ಹಿಂದೆಯೇ ಚೌಕ ಆವರಣದಲ್ಲಿ ಅದರ ಅರ್ಥವನ್ನು ಇಂಗ್ಲಿಷಿನಲ್ಲಿ ಕೊಡಬೇಕು. ಅರ್ಥ ಮಾತ್ರ ಕೊಟ್ಟರೆ ಪುಸ್ತಕ ಯಾವ ಗ್ರಂಥಾಲಯದಲ್ಲೂ ಸಿಗುವುದಿಲ್ಲ. ಲಿಪ್ಯಂತರಕ್ಕೆ ಐಎಸ್‌ಒ 15919 ಎಂಬ ಒಪ್ಪಿತ ಕ್ರಮವಿದೆ. ದೀರ್ಘಕ್ಕೆ ಅಕ್ಷರದ ತಲೆಯ ಮೇಲೆ ಗೆರೆ, ಳಕಾರ ಣಕಾರಗಳಿಗೆ ಅಡಿಯಲ್ಲಿ ಚುಕ್ಕೆ, ಹಳಗನ್ನಡದ ಱ ೞಗಳಿಗೆ ಅಡಿಗೆರೆ. ಎ–ಏ, ಒ–ಓ ವ್ಯತ್ಯಾಸವನ್ನು ತೋರಿಸಲು ಮರೆಯಬೇಡಿ. ಸಂಸ್ಕೃತಕ್ಕೆ ಮಾಡಿದ ಕ್ರಮವನ್ನು ಹಾಗೆಯೇ ಹಾಕಿದರೆ ಅದು ಕಳೆದುಹೋಗುತ್ತದೆ. ಲೇಖಕರ ಹೆಸರಿಗೆ ಮಾತ್ರ ಈ ಚಿಹ್ನೆಗಳನ್ನು ಹೇರಬೇಡಿ. ಅವರು ಇಂಗ್ಲಿಷಿನಲ್ಲಿ ಪ್ರಕಟಿಸಿದ್ದರೆ ತಮ್ಮ ಹೆಸರನ್ನು ಹೇಗೆ ಬರೆದುಕೊಂಡಿದ್ದಾರೋ ಹಾಗೆಯೇ ಇರಲಿ. ಇನ್ನು ಇದೇ ಲೇಖನ ಮುಂದೆ ಕನ್ನಡದಲ್ಲಿ ಬಂದರೆ, ಶೀರ್ಷಿಕೆಗೆ ಓರೆ ಅಕ್ಷರ ಹಾಕಬೇಡಿ. ನಮ್ಮ ದುಂಡು ಲಿಪಿಗೆ ಓರೆ ಒಪ್ಪುವುದಿಲ್ಲ, ಒತ್ತಕ್ಷರಗಳು ಪಕ್ಕದವಕ್ಕೆ ಡಿಕ್ಕಿ ಹೊಡೆಯುತ್ತವೆ. ದಪ್ಪಕ್ಷರ ಸಾಕು.

ಹಾಡುಗಾರ್ತಿಯ ಪದಗಳ ಪ್ರಶ್ನೆ ನನಗೆ ಹತ್ತಿರವಾದದ್ದು. ಎಪಿಎ ಪ್ರಕಾರ ಓದುಗನಿಗೆ ಸಿಗದ ಖಾಸಗಿ ಮಾತುಕತೆ ಕೊನೆಯ ಪಟ್ಟಿಗೆ ಬರುವುದಿಲ್ಲ. ಲೇಖನದ ಒಳಗೆ ಹೆಸರು, ‘ವೈಯಕ್ತಿಕ ಸಂವಹನ’ ಎಂಬ ಮಾತು, ತಾರೀಖು ಮಾತ್ರ. ಆದರೆ ನಿಮ್ಮದೇ ಕ್ಷೇತ್ರಕಾರ್ಯದಲ್ಲಿ, ನಿಮ್ಮ ಸಂಶೋಧನೆಗೆಂದೇ ಸಂದರ್ಶಿಸಿದವರ ಮಾತು ಈ ಗುಂಪಿಗೆ ಸೇರುವುದಿಲ್ಲ, ಅದು ನಿಮ್ಮ ಮೂಲಸಾಮಗ್ರಿ. ಯಾವಾಗ, ಎಲ್ಲಿ, ಹೇಗೆ ಸಂಗ್ರಹಿಸಿದಿರಿ ಎಂಬುದನ್ನು ವಿಧಾನದ ಭಾಗದಲ್ಲಿ ವಿವರಿಸಿ. ಮೂಲನಿವಾಸಿ ಸಮುದಾಯಗಳ ಮೌಖಿಕ ಪರಂಪರೆಗೆ ಏಳನೆಯ ಆವೃತ್ತಿ ವಿಶೇಷ ದಾರಿ ಕೊಟ್ಟಿದೆ: ಹೇಳಿದವರ ಪೂರ್ಣ ಹೆಸರು, ಸಮುದಾಯ, ಊರು ಸೇರಿಸಬಹುದು. ನಮ್ಮ ಜನಪದ ಕಲಾವಿದರಿಗೂ ಅದೇ ಗೌರವ ಸಲ್ಲಬೇಕೆಂದು ನನ್ನ ಅಭಿಪ್ರಾಯ. ಮೊದಲು ಆ ತಾಯಿಯ ಬಳಿ ಹೋಗಿ, ‘ನಿಮ್ಮ ಹೆಸರು ಅಚ್ಚಿನಲ್ಲಿ ಬರಬಹುದೇ’ ಎಂದು ಕೇಳಿ. ಒಪ್ಪಿದರೆ ‘ಒಬ್ಬ ವಕ್ತೃ’ ಎಂದು ಬರೆದು ಅಡಗಿಸಬೇಡಿ, ಹೆಸರಿನಿಂದಲೇ ಕರೆಯಿರಿ. ಬೇಡವೆಂದರೆ ಆ ಮಾತನ್ನೂ ಪಾಲಿಸಿ.

ಇನ್ನೊಬ್ಬರ ಪುಸ್ತಕದಲ್ಲಿ ಉದ್ಧರಿಸಿದ್ದನ್ನು ನೀವು ಮತ್ತೆ ಉದ್ಧರಿಸುವಾಗ, ಮೂಲವನ್ನು ನೋಡದೆ ಮೂಲವನ್ನೇ ನೋಡಿದಂತೆ ಬರೆಯಬೇಡಿ. ‘ಇಂಥವರಲ್ಲಿ ಉದ್ಧೃತ’ ಎಂದು ಹೇಳಿ, ಪಟ್ಟಿಯಲ್ಲಿ ನೀವು ನಿಜವಾಗಿ ಓದಿದ್ದನ್ನು ಮಾತ್ರ ಸೇರಿಸಿ. ಮೇಲೆ ಹೇಳಿದ ಶ್ರವಣಬೆಳಗೊಳದ ಅವಾಂತರ ಹುಟ್ಟಿದ್ದು ಇಲ್ಲಿಂದಲೇ. ‘ಅದೇ’, ‘ಪೂರ್ವೋಕ್ತ’ ಎಂಬವು ಅಡಿಟಿಪ್ಪಣಿಯ ಲೋಕದವು, ಎಪಿಎಯಲ್ಲಿ ಅವಕ್ಕೆ ಜಾಗವಿಲ್ಲ. ಪ್ರತಿ ಸಲವೂ ಹೆಸರು, ವರ್ಷ, ಜಾಗ. ಮಾರ್ಗದರ್ಶಕರು ಕಲಿಸಿದ ಪದ್ಧತಿಯೂ ತಪ್ಪಲ್ಲ. ನಿಮ್ಮ ಮಹಾಪ್ರಬಂಧಕ್ಕೆ ಅದನ್ನೇ ಉಳಿಸಿಕೊಳ್ಳಿ, ಆಕರಗಳ ಬಗ್ಗೆ ಚರ್ಚೆ ಬೆಳೆಸುವುದಕ್ಕೆ ಅಡಿಟಿಪ್ಪಣಿಯಷ್ಟು ಒಳ್ಳೆಯ ಸ್ಥಳವಿಲ್ಲ.

ಝೊಟೆರೊ ಬಿಟ್ಟುಬಿಡಬೇಡಿ. ಗೊಂದಲ ಅದರದಲ್ಲ, ಅದಕ್ಕೆ ನಾವು ಉಣಿಸಿದ್ದರದು. ಗೂಗಲ್ ಸ್ಕಾಲರ್‌ನಿಂದ ಎಳೆದುಕೊಂಡ ಮಾಹಿತಿಯಲ್ಲಿ ಕನ್ನಡ ಪುಸ್ತಕಗಳ ವಿವರ ಆಗಾಗ ಕೆಟ್ಟಿರುತ್ತದೆ. ಅಂಥವನ್ನು ಪುಸ್ತಕ ಎದುರಿಗಿಟ್ಟು ಕೈಯಾರೆ ತುಂಬಿ. ಲೇಖಕರ ಹೆಸರಿನ ಪಕ್ಕದ ಪುಟ್ಟ ಗುಂಡಿ ಒತ್ತಿದರೆ ಎರಡು ಖಾನೆ ಒಂದೇ ಆಗುತ್ತದೆ. ಬಸವಣ್ಣ, ಕುವೆಂಪು, ಸಂಸ್ಥೆಗಳ ಹೆಸರು ಎಲ್ಲವೂ ಅಲ್ಲಿ ನಿಶ್ಚಿಂತೆಯಾಗಿ ಕೂರುತ್ತವೆ. ಮೂಲವರ್ಷವನ್ನು ‘ಎಕ್ಸ್‌ಟ್ರಾ’ ಖಾನೆಯಲ್ಲಿ ‘ಒರಿಜಿನಲ್ ಡೇಟ್’ ಎಂಬ ಹೆಸರಿನಡಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಓರೆಗೆರೆಯ ಎರಡು ವರ್ಷ ತಾನಾಗಿ ಬರುತ್ತದೆ. ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ನಿಮ್ಮ ಟಿಪ್ಪಣಿಗಳಿದ್ದರೆ ಮೊದಲು ಯೂನಿಕೋಡಿಗೆ ಬದಲಿಸಿ. ಇಲ್ಲದಿದ್ದರೆ ಝೊಟೆರೊದಲ್ಲಿ ಬರುವುದು ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿ. ಪರಿವರ್ತನೆಯಾದ ಮೇಲೂ ಅರ್ಕಾವತ್ತು, ಒತ್ತಕ್ಷರಗಳನ್ನು ಕಣ್ಣಿನಿಂದಲೇ ನೋಡಬೇಕು.

ಚಾಟ್‌ಬಾಟ್‌ಗಳಿಗೆ ‘ಉಲ್ಲೇಖಪಟ್ಟಿ ಮಾಡಿಕೊಡು’ ಎಂದು ಕೇಳಬೇಡಿ. ಇಲ್ಲದ ಪುಸ್ತಕಕ್ಕೆ ಇರುವ ಲೇಖಕರ ಹೆಸರು ಅಂಟಿಸಿ, ನಂಬುವಂತೆ ಜೋಡಿಸಿ ಕೊಡುತ್ತವೆ. ಇಂಗ್ಲಿಷ್ ಲೇಖನಗಳಿಗೆ ಡಿಒಐ ಎಂಬ ಶಾಶ್ವತ ಗುರುತುಸಂಖ್ಯೆ ಇದ್ದರೆ ಅದನ್ನು ಪೂರ್ತಿ ಕೊಂಡಿಯಾಗಿ ಕೊಡಿ, ಕೊಡುವ ಮೊದಲು ಒತ್ತಿ ನೋಡಿ. ಮಹಾಪ್ರಬಂಧಗಳ ಆನ್‌ಲೈನ್ ಸಂಗ್ರಹವಾದ ಶೋಧಗಂಗಾದಲ್ಲಿರುವ ಮಹಾಪ್ರಬಂಧಕ್ಕೆ ಶೀರ್ಷಿಕೆಯ ನಂತರ ಚೌಕ ಆವರಣದಲ್ಲಿ ‘ಪಿಎಚ್.ಡಿ. ಮಹಾಪ್ರಬಂಧ’ ಮತ್ತು ವಿಶ್ವವಿದ್ಯಾಲಯದ ಹೆಸರು, ಬಳಿಕ ಶೋಧಗಂಗಾ, ಅದರ ಶಾಶ್ವತ ಕೊಂಡಿ. ನಕಲು ತಪಾಸಣೆಯ ಭಯದಿಂದ ವಚನಗಳನ್ನು ಉದ್ಧರಿಸುವುದನ್ನು ಕೆಲವರು ಕಡಿಮೆ ಮಾಡುತ್ತಾರೆ. ಯುಜಿಸಿಯ 2018ರ ನಿಯಮಗಳು ಸರಿಯಾಗಿ ಉಲ್ಲೇಖಿಸಿದ ಉದ್ಧರಣೆಗಳನ್ನೂ ಆಕರಪಟ್ಟಿಯನ್ನೂ ಸಾಮ್ಯದ ಲೆಕ್ಕದಿಂದ ಹೊರಗಿಟ್ಟಿವೆ. ನಿಮಗೆ ಬೇಕಾದ ವಚನವನ್ನು ಪೂರ್ತಿ ಕೊಡಿ.

ಈಗ ಮಾಡಬೇಕಾದ್ದು. ಲೇಖನವನ್ನು ಅಚ್ಚು ಹಾಕಿಕೊಂಡು ಒಳಗಿನ ಪ್ರತಿ ಉಲ್ಲೇಖಕ್ಕೂ ಪಟ್ಟಿಯಲ್ಲಿ ಜೋಡಿ ಇದೆಯೇ, ಪಟ್ಟಿಯ ಪ್ರತಿ ನಮೂದಿಗೂ ಒಳಗೆ ಜಾಗವಿದೆಯೇ ಎಂದು ಪೆನ್ಸಿಲಿನಿಂದ ಗುರುತು ಹಾಕಿ. ಆಮೇಲೆ ನಿಮ್ಮ ವಿಷಯ ಗೊತ್ತಿಲ್ಲದ ಗೆಳತಿಯೊಬ್ಬರ ಕೈಗೆ ಯಾವುದಾದರೂ ಐದು ಉಲ್ಲೇಖ ಕೊಟ್ಟು, ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಕಳಿಸಿ, ಆ ಸಾಲುಗಳನ್ನು ಹುಡುಕಲು ಹೇಳಿ. ಅವರು ಎಲ್ಲಿ ತಡವರಿಸಿದರೋ ಅದನ್ನು ತಿದ್ದಿ. ಮತ್ತೆ ಕಳಿಸುವಾಗ ಸಂಪಾದಕರಿಗೆ ಬರೆಯುವ ಪತ್ರದಲ್ಲಿ ಎರಡು ವಾಕ್ಯ ಸೇರಿಸಿ: ಶಾಸನಗಳನ್ನು ಆ ಶಿಸ್ತಿನ ರೂಢಿಯಂತೆ ಸಂಪುಟ, ತಾಲ್ಲೂಕು, ಸಂಖ್ಯೆಗಳಿಂದಲೂ, ವಚನಗಳನ್ನು ವಚನಸಂಖ್ಯೆಯಿಂದಲೂ ಗುರುತಿಸಿದ್ದೇನೆ, ಉಳಿದದ್ದೆಲ್ಲ ಎಪಿಎ ಏಳನೆಯ ಆವೃತ್ತಿಯಂತಿದೆ. ಕಾರಣ ತಿಳಿಸಿದ ಇಂಥ ವ್ಯತ್ಯಾಸವನ್ನು ನಮ್ಮ ಮಂಡಳಿ ಒಮ್ಮೆಯೂ ತಳ್ಳಿಹಾಕಿದ್ದು ನನಗೆ ನೆನಪಿಲ್ಲ.